ಎಂಟು ತಂತಿಗಳ ಶ್ರುತಿ

ಆಂಡರ್ಸನ್‌ಪೇಟೆಯಲ್ಲಿ ಹಲವಕ್ಕೆ ಬರ ಬಂದದ್ದುಂಟು. ನೀರಿಗೆ ಬಂದಿದೆ, ಕೆಲಸಕ್ಕೆ ಬಂದಿದೆ; ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲೆ ಊರಿಗೆ ಹೆಸರು ತಂದ ಚಿನ್ನಕ್ಕೇ ಬರ ಬಂದಿತು. ಆದರೆ ಸಂಗೀತಕ್ಕೆ ಬರ ಬಂದುದನ್ನು ನಾನು ಕಾಣೆ. ನಮ್ಮ ಬೀದಿಯ ಈ ತುದಿಯಲ್ಲಿ ಭಜನೆಯ ಮಂದಿರ, ಆ ತುದಿಯಲ್ಲಿ ಚರ್ಚು. ನಡುವೆ ಮದುವೆಯ ಆರ್ಕೆಸ್ಟ್ರಾದವರು ಬಾಡಿಗೆಗೆ ಹಿಡಿದಿರುವ ಕೊಠಡಿ. ಸಂಜೆ ಏಳು ಗಂಟೆಗೆ ಬೀದಿಯ ಮಧ್ಯೆ ನಿಂತರೆ ಒಂದು ಕಿವಿಗೆ ತೆಲುಗು ತತ್ವಪದ, ಇನ್ನೊಂದು ಕಿವಿಗೆ ತಮಿಳು ಗೀತೆ, ಎದುರಿನಿಂದ ಸಿನಿಮಾ ಹಾಡು. ಮೂರೂ ಬೇರೆ ಬೇರೆ ಶ್ರುತಿ. ನಡುವೆ ನಿಂತವನಿಗೆ ತಲೆನೋವು ಬರಬೇಕು; ನಮಗೆ ಅಭ್ಯಾಸವಾಗಿದೆ. ನಾನೀಗ ಹೇಳಹೊರಟಿರುವುದು ಈ ಮೂರು ಶ್ರುತಿಗಳ ನಡುವೆ ಸಿಕ್ಕಿಕೊಂಡ ಒಂದು ವಾದ್ಯದ ವಿಷಯ. ಅದಕ್ಕೆ ಎಂಟು ತಂತಿಗಳು. ಆ ಎಂಟನ್ನು ಯಾವ ಯಾವ ಸ್ವರಕ್ಕೆ ಕೂಡಿಸಬೇಕು ಎಂಬುದನ್ನು ನಿಶ್ಚಯಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತೆಂದರೆ ಮಿತ್ರರು ನಗಬಹುದು. ಬಿ.ಎ.ಗೆ ಸೇರುವಾಗ ಐಚ್ಛಿಕ ವಿಷಯಗಳನ್ನು ಆರಿಸಲು ನಾನು ನಾಲ್ಕು ನಿಮಿಷವನ್ನೂ ತೆಗೆದುಕೊಂಡಿರಲಿಲ್ಲ.

ವಾದ್ಯವನ್ನು ಮಾಡಿದವರು ನನ್ನ ಸೋದರಮಾವ. ಅವರದು ಬಡಗಿಯ ಕೆಲಸ. ಬಾಗಿಲು, ಮಂಚ, ದೇವರ ಮಂಟಪ ಮಾಡುತ್ತಾರೆ. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ತೇಗದ ತೊಲೆಯೊಂದು ಅವರ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ನಾನು ಆರ್ಕೆಸ್ಟ್ರಾದಲ್ಲಿ ಯಾರದೋ ನಾಲ್ಕು ತಂತಿಯ ಬೇಸ್ ಗಿಟಾರನ್ನು ಬೇಡಿ ತಂದು ನುಡಿಸುತ್ತಿದ್ದುದನ್ನು ನೋಡಿ, "ಬೇಡಿ ತರೋದು ಯಾಕಪ್ಪಾ, ಹೇಳು ಹೆಂಗಿರಬೇಕು, ನಾನೇ ಮಾಡ್ತೀನಿ" ಎಂದರು. ಹೆಂಗಿರಬೇಕೆಂದು ಕೇಳಿದ್ದೇ ತಡ, ನನ್ನ ಆಸೆ ನಾಲ್ಕರಿಂದ ಎಂಟಕ್ಕೆ ಹಾರಿತು.

ಮೊಬೈಲಿನಲ್ಲಿ ನಾನು ಒಂದು ಬಗೆಯ ವಾದನವನ್ನು ಕಂಡಿದ್ದೆ. ಅದರಲ್ಲಿ ತಂತಿಯನ್ನು ಮೀಟುವುದಿಲ್ಲ. ಬೆರಳ ತುದಿಯಿಂದ ತಂತಿಯನ್ನು ಮೆಟ್ಟಿಲಿನ ಮೇಲೆ ತಟ್ಟುತ್ತಾರೆ. ತಟ್ಟಿದೊಡನೆ ಸ್ವರ ಹುಟ್ಟುತ್ತದೆ, ಬೆರಳನ್ನು ಎತ್ತಿದೊಡನೆ ನಿಲ್ಲುತ್ತದೆ. ಮೀಟುವ ಕೆಲಸ ತಪ್ಪಿದ್ದರಿಂದ ಬಲಗೈಗೆ ಬಿಡುವು ಸಿಗುತ್ತದೆ. ಆ ಕೈಯೂ ಸ್ವರ ಹಿಡಿಯಬಹುದು. ಎಡಗೈ ಮಂದ್ರದಲ್ಲಿ ನಡೆದರೆ ಬಲಗೈ ಮೇಲೆ ರಾಗವನ್ನು ನುಡಿಸುತ್ತದೆ. ಹಾರ್ಮೋನಿಯಂ ಮತ್ತು ಗಿಟಾರು ಮದುವೆಯಾದಂತೆ. ಅಮೆರಿಕದ ಎಮೆಟ್ ಚಾಪ್‌ಮನ್ ಎಂಬವರು ೧೯೬೯ರಲ್ಲಿ ಎರಡು ಕೈಗಳಿಂದ ಹೀಗೆ ತಟ್ಟುವ ತಮ್ಮ ಕ್ರಮವನ್ನು ಕಂಡುಕೊಂಡು, ಅದಕ್ಕೆಂದೇ ಹತ್ತು ತಂತಿಯ ಒಂದು ವಾದ್ಯವನ್ನು ಮಾಡಿ ೧೯೭೪ರಿಂದ ಮಾರಲಾರಂಭಿಸಿದರು. ಅದರ ಹೆಸರು 'ಸ್ಟಿಕ್'. ಅವರು ೨೦೨೧ರಲ್ಲಿ ತೀರಿಕೊಂಡರು. ಅದೇ ಜಾತಿಗೆ ಸೇರಿದ, ಬೇಸ್ ಗಿಟಾರಿನ ಉದ್ದವುಳ್ಳ ಎಂಟು ತಂತಿಯ ವಾದ್ಯ ನನಗೆ ಬೇಕಾದುದು. ಹೊಸದನ್ನು ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಎತ್ತುವಂಥದಲ್ಲ. ಬಿರಡೆಗಳು, ಮೆಟ್ಟಿಲಿನ ತಂತಿ, ದಂಡಿಯೊಳಗೆ ಇಡುವ ಕಬ್ಬಿಣದ ಸರಳು, ಸದ್ದನ್ನು ಹಿಡಿಯುವ ಪಿಕಪ್ಪುಗಳು ಇಷ್ಟನ್ನು ಬೆಂಗಳೂರಿನಿಂದ ತಂದೆವು. ಉಳಿದುದೆಲ್ಲ ಆಂಡರ್ಸನ್‌ಪೇಟೆಯ ಉಳಿಯಿಂದ ಹುಟ್ಟಿದ್ದು. ಮೆಟ್ಟಿಲುಗಳ ಅಳತೆಯನ್ನು ನಾನು ಲೆಕ್ಕ ಹಾಕಿಕೊಟ್ಟೆ: ಮೇರುವಿನಿಂದ ಕುದುರೆಗೆ ೩೪ ಅಂಗುಲ, ಮೊದಲನೆಯ ಮೆಟ್ಟಿಲು ಮೇರುವಿನಿಂದ ೧.೯೧ ಅಂಗುಲ, ಅಲ್ಲಿಂದ ಮುಂದೆ ಒಂದೊಂದು ಅಂತರವೂ ಹಿಂದಿನದಕ್ಕಿಂತ ಕಿರಿದು. ಮಾವ ಆ ಚೀಟಿಯನ್ನು ಕಿವಿಯ ಸಂದಿಯ ಪೆನ್ಸಿಲಿನ ಜೊತೆಗೆ ಎರಡು ವಾರ ಇಟ್ಟುಕೊಂಡು ತಿರುಗಿದರು.

ವಾದ್ಯ ಮುಗಿಯಿತು. ಆಗ ಮಾವ ಕೇಳಿದರು: "ಸರಿ, ಇನ್ನು ಎಂಟು ತಂತೀನೂ ಯಾವ್ಯಾವುದಕ್ಕೆ ಕೂಡಿಸ್ತೀಯ?"

ಈ ಪ್ರಶ್ನೆ ಮೇಲೆ ನೋಡಲು ಸಾಮಾನ್ಯವಾದುದು. ಬಿರಡೆ ತಿರುಗಿಸುವುದು ಎಷ್ಟು ಹೊತ್ತಿನ ಕೆಲಸ? ಇವತ್ತು ಒಂದು, ನಾಳೆ ಒಂದು ಮಾಡಿ ನೋಡಿದರಾಯಿತು ಎನ್ನಬಹುದು. ಹಾಗಾಗುವುದಿಲ್ಲ. ಒಂದೊಂದು ಸ್ವರಕ್ಕೂ ತಕ್ಕ ದಪ್ಪದ ತಂತಿ ಬೇಕು. ಇದ್ದ ತಂತಿಯನ್ನೇ ಒಂದು ಪೂರ್ಣ ಸ್ವರದಷ್ಟು ಏರಿಸಿದರೆ ಅದರ ಬಿಗುವು ಕಾಲುಭಾಗಕ್ಕೂ ಮೀರಿ ಹೆಚ್ಚುತ್ತದೆ. ಷಡ್ಜದಿಂದ ಪಂಚಮಕ್ಕೆ ಏರಿಸಿದರೆ ಎರಡೂಕಾಲು ಪಟ್ಟಾಗುತ್ತದೆ. ಇಳಿಸಿದರೆ ತಂತಿ ಸಡಿಲವಾಗಿ ಮೆಟ್ಟಿಲುಗಳ ಮೇಲೆ ಗೊರಗೊರ ಎನ್ನುತ್ತದೆ. ಬೇಸಿನ ಒಂದು ತಂತಿ ಸುಮಾರು ೪೦ ಪೌಂಡಿನಷ್ಟು ಬಲದಿಂದ ದಂಡಿಯನ್ನು ಎಳೆಯುತ್ತಿರುತ್ತದೆ. ಎಂಟು ತಂತಿಗಳೆಂದರೆ ಒಂದೂವರೆ ಕ್ವಿಂಟಲ್ ಅಕ್ಕಿಯ ಮೂಟೆಯನ್ನು ಒಂದು ತೇಗದ ಪಟ್ಟಿಗೆ ಸದಾ ನೇತುಹಾಕಿದ ಹಾಗೆ. ಈ ಎಳೆತವನ್ನು ದಿನಕ್ಕೊಂದು ಬಗೆಯಾಗಿ ಬದಲಿಸಿದರೆ ದಂಡಿ ಬಿಲ್ಲಾಗುತ್ತದೆ. ತಂತಿಗಳ ಬೆಲೆಯೋ, ಎಂಟಕ್ಕೆ ಮೂರು ಸಾವಿರ ರೂಪಾಯಿಗಳಿಗೆ ಹತ್ತಿರ. ನನ್ನಲ್ಲಿದ್ದುದು ಒಮ್ಮೆ ಕೊಳ್ಳುವಷ್ಟು ಹಣ. ಆದ್ದರಿಂದ ಶ್ರುತಿಯನ್ನು ಮೊದಲು ತಲೆಯಲ್ಲಿ ಕೂಡಿಸಿ, ಆಮೇಲೆ ಅಂಗಡಿಗೆ ಹೋಗಬೇಕಾಗಿತ್ತು.

ಇದರಲ್ಲಿ ಇನ್ನೊಂದು ತೊಡಕಿತ್ತು. ಈ ವಾದ್ಯದಿಂದ ಇಬ್ಬರಿಗೆ ಕೆಲಸವಾಗಬೇಕಾಗಿತ್ತು. ಒಬ್ಬನು ನನ್ನ ಗೆಳೆಯ. ಅವನು ಚರ್ಚಿನಲ್ಲಿ ಕೀಬೋರ್ಡು ನುಡಿಸುತ್ತಾನೆ, ಶನಿವಾರ ಭಾನುವಾರಗಳಂದು ಮದುವೆಯ ಆರ್ಕೆಸ್ಟ್ರಾವನ್ನೂ ನಡೆಸುತ್ತಾನೆ. ಒಂದು ಮದುವೆಗೆ ನನ್ನ ಪಾಲಿಗೆ ಎಂಟುನೂರು ರೂಪಾಯಿ ಬರುತ್ತದೆ. ಈ ಹಣ ನನಗೆ ವಿನೋದದ ಹಣವಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ತಂದೆಯವರು ಬೆಳಕು ಹರಿಯುವ ಮೊದಲೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಕಟ್ಟಡದ ಬಾಗಿಲು ಕಾಯ್ದು ರಾತ್ರಿ ಒಂಬತ್ತಕ್ಕೆ ಹಿಂದಿರುಗುತ್ತಾರೆ. ನಮ್ಮ ಊರಿನ ಅರ್ಧ ಜನ ಅದೇ ರೈಲಿನಲ್ಲಿರುತ್ತಾರೆ. ಅವರು ವಾದ್ಯವನ್ನು ನೋಡಿ ಕೇಳಿದ್ದು ಒಂದೇ ಮಾತು: "ಎಂ.ಎ. ಫೀಜಿಗೆ ಇದರಿಂದ ಏನಾದರೂ ಆಗ್ತದೇನೋ?" ಆಗುತ್ತದೆ ಎಂದಿದ್ದೆ. ಆರ್ಕೆಸ್ಟ್ರಾದಲ್ಲಿ ನುಡಿಸಬೇಕಾದರೆ ಅಲ್ಲಿನ ಗಿಟಾರು, ಕೀಬೋರ್ಡುಗಳೊಡನೆ ಹೊಂದಬೇಕು. ಗಾಯಕರು ಯಾವ ಸ್ವರದಿಂದ ಎತ್ತಿದರೂ ಅರೆನಿಮಿಷದಲ್ಲಿ ಹಿಡಿಯಬೇಕು.

ಇನ್ನೊಬ್ಬರು ನನ್ನ ತಾತ. ಅವರಿಗೆ ಎಪ್ಪತ್ತೆಂಟು. ಚಾಂಪಿಯನ್ ರೀಫ್ ಗಣಿಯಲ್ಲಿ ಕೇಜನ್ನು ಇಳಿಬಿಡುವ ಉಕ್ಕಿನ ಹಗ್ಗಗಳನ್ನು ನೋಡಿಕೊಳ್ಳುವ ತಂಡದಲ್ಲಿದ್ದವರು. ಕೆಲಸವಿಲ್ಲದ ಹೊತ್ತಿನಲ್ಲಿ ತಂಬೂರಿ ಹಿಡಿದು ಕೈವಾರದ ತಾತಯ್ಯನವರ ತತ್ವಪದಗಳನ್ನು ಹಾಡುತ್ತಿದ್ದರು. ತೆಲುಗೂ ಕನ್ನಡವೂ ಅವರಿಗೆ ಒಂದೇ. ತಂಬೂರಿಯ ಬುರುಡೆ ಬಿರುಕುಬಿಟ್ಟು ಅಟ್ಟ ಸೇರಿ ಬಹಳ ಕಾಲವಾಯಿತು. ಭಜನೆಯ ಮಂದಿರದವರು ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆಯನ್ನು ಇಟ್ಟುಕೊಂಡಿದ್ದಾರೆ. ತಾತನಿಗೆ ಅದು ಸೇರದು. "ಅದಕ್ಕೆ ಉಸಿರಿಲ್ಲ ಕಣೋ. ನಾನು ನಿಲ್ಲಿಸಿದರೂ ಅದು ನಿಲ್ಲಿಸೋದಿಲ್ಲ" ಎನ್ನುತ್ತಾರೆ. ಅವರ ಉಸಿರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದೆ. ಮೊದಲು ಅವರು ಹಾರ್ಮೋನಿಯಂನ ಬಿಳಿ ಎರಡಕ್ಕೆ ಹಾಡುತ್ತಿದ್ದರಂತೆ. ನಾನು ಕೇಳಿದಾಗಿನಿಂದ ಬಿಳಿ ಒಂದು. ಈಗ ಕೆಳಗಿನ ಬಿಳಿ ಆರು. ಅದೂ ಮಳೆಗಾಲದಲ್ಲಿ ಇನ್ನೂ ಇಳಿಯುತ್ತದೆ. ಒಂದು ಸಂಜೆಗೆ ಎರಡು ಪದ ಹಾಡಿದರೆ ಹೆಚ್ಚು. ಅವರು ಹಾಡುವಷ್ಟು ದಿನವಾದರೂ ಅವರ ಹಿಂದೆ ಕುಳಿತು ಶ್ರುತಿ ಹಿಡಿಯಬೇಕೆಂಬುದು ನನ್ನ ಆಸೆ. ಇದಕ್ಕೆ ಎಂ.ಎ. ಫೀಜಿನಂತೆ ಮುಂದಿನ ವರ್ಷದವರೆಗೆ ಗಡುವು ಕೇಳುವ ಹಾಗಿರಲಿಲ್ಲ.

ಮೊದಲು ನನ್ನ ಮನಸ್ಸು ಹೋದದ್ದು ನಮ್ಮ ಪದ್ಧತಿಯ ಕಡೆಗೆ. ವೀಣೆಗೆ ಏಳು ತಂತಿ: ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ನುಡಿಸುವ ನಾಲ್ಕನ್ನು ಕೆಳಗಿನಿಂದ ಮೇಲಕ್ಕೆ ಪ, ಸ, ಪ, ಸ ಎಂದು ಕೂಡಿಸುತ್ತಾರೆ. ಪಿಟೀಲು ಯೂರೋಪಿನಲ್ಲಿ ಜಿ, ಡಿ, ಎ, ಇ ಎಂದು ಪಂಚಮ ಪಂಚಮಗಳ ಅಂತರದಲ್ಲಿತ್ತು. ದಕ್ಷಿಣಕ್ಕೆ ಬಂದು ನಮ್ಮವರ ಕೈ ಸೇರಿದ ಮೇಲೆ ಸ, ಪ, ಸ, ಪ ಆಯಿತು. ವಾದ್ಯವನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿಕೊಳ್ಳುವುದರಲ್ಲಿ ನಮ್ಮವರು ಹಿಂಜರಿದವರಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು (೧೮೯೫–೧೯೬೭) ದೊಡ್ಡ ಸಭೆಯ ಹಿಂದಿನ ಸಾಲಿಗೂ ಪಿಟೀಲು ಕೇಳಬೇಕೆಂದು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ಮಾಡಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ನಾನು ಹೊರಗಿನಿಂದ ನೋಡಿದ್ದೇನೆ. ಇಂಥ ಹಿರಿಯರ ಬೆಂಬಲವಿರುವಾಗ ಎಂಟು ತಂತಿಯನ್ನೂ ಸ-ಪ, ಸ-ಪ ಎಂದು ಕೂಡಿಸಿಬಿಡೋಣವೆನಿಸಿತು. ತಾತನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ವೀಣೆಯವರ ಷಡ್ಜ ಕಛೇರಿ ಮುಗಿಯುವವರೆಗೂ ಕದಲುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಷಡ್ಜ ಹಾಡಿಗೊಮ್ಮೆ ಬದಲಾಗುತ್ತದೆ. ಸಾಲದ್ದಕ್ಕೆ ತಾತನ ಷಡ್ಜವೇ ತಿಂಗಳಿಗೊಮ್ಮೆ ಬದಲಾಗುತ್ತಿದೆ. ಅವರು ಕಾಲುಸ್ವರ ಇಳಿದಾಗಲೆಲ್ಲ ಎಂಟು ಬಿರಡೆಗಳನ್ನು ತಿರುಗಿಸುತ್ತ ಕುಳಿತರೆ ಅವರ ಉಸಿರು ಕಾಯುವುದಿಲ್ಲ.

ಎರಡನೆಯ ಯೋಚನೆ, ಕೆಳಗಿನಿಂದ ಮೇಲಿನವರೆಗೆ ಎಲ್ಲವನ್ನೂ ಪಂಚಮದ ಅಂತರದಲ್ಲಿ ಇಡುವುದು. ಇದು ಕೇಳಲು ಬಹು ಸೊಗಸು. ಮಂದ್ರದಲ್ಲಿ ಹತ್ತಿರ ಹತ್ತಿರದ ಎರಡು ಸ್ವರಗಳನ್ನು ಕೂಡಿಸಿ ನುಡಿಸಿದರೆ ಕೆಸರು ಕದಡಿದಂತಾಗುತ್ತದೆ. ಪಂಚಮದಷ್ಟು ದೂರವಿಟ್ಟರೆ ತಿಳಿಯಾಗಿ, ಗಂಭೀರವಾಗಿ ಕೇಳುತ್ತದೆ. ಚಾಪ್‌ಮನ್ ತಮ್ಮ ವಾದ್ಯದ ಮಂದ್ರದ ಐದು ತಂತಿಗಳನ್ನು ಹೀಗೆಯೇ ಇಟ್ಟರು. ಕಿವಿಯ ಮಟ್ಟಿಗೆ ಹೇಳುವುದಾದರೆ ಇಂದಿಗೂ ನನ್ನ ಮತ ಇದಕ್ಕೇ. ಇಲ್ಲಿ ಅಡ್ಡಬಂದದ್ದು ಮೊದಲು ನನ್ನ ಕೈ. ಪಂಚಮದ ಅಂತರದಲ್ಲಿ ಒಂದು ತಂತಿಯಿಂದ ಪಕ್ಕದ ತಂತಿಗೆ ಹೋಗುವ ಮೊದಲು ಏಳು ಮೆಟ್ಟಿಲುಗಳನ್ನು ಆಳಬೇಕು. ೩೪ ಅಂಗುಲದ ವಾದ್ಯದಲ್ಲಿ ಮೇರುವಿನಿಂದ ಏಳನೆಯ ಮೆಟ್ಟಿಲಿಗೆ ಹನ್ನೊಂದೂಕಾಲು ಅಂಗುಲ. ನನ್ನ ಗೇಣು ಎಂಟು. ಚತುರ್ಥದ ಅಂತರದಲ್ಲಿ, ಎಂದರೆ ಷಡ್ಜದಿಂದ ಮಧ್ಯಮದ ದೂರದಲ್ಲಿ, ಕೂಡಿಸಿದರೆ ಐದೇ ಮೆಟ್ಟಿಲು, ಎಂಟೂವರೆ ಅಂಗುಲ; ಅದನ್ನು ಹೇಗೋ ಎಟುಕಿಸಬಹುದು. ಆದರೂ ಕೈಯನ್ನು ಜರುಗಿಸಿ ಅಭ್ಯಾಸ ಮಾಡಿದರಾಯಿತು ಎಂದು ಹಟ ಹಿಡಿದಿದ್ದೆ. ಹಟವನ್ನು ಬಿಡಿಸಿದ್ದು ಸೋದರಮಾವನ ಕುತೂಹಲ.

ಮಾವ ಪರೀಕ್ಷೆಗೆಂದು ಅತಿ ತೆಳುವಾದ ಉಕ್ಕಿನ ತಂತಿಯೊಂದನ್ನು ಕೊನೆಯ ಬಿರಡೆಗೆ ಕಟ್ಟಿ, "ಎಲ್ಲಿವರೆಗೆ ಏರ್ತದೋ ನೋಡಾಣ" ಎಂದು ತಿರುಗಿಸತೊಡಗಿದರು. ನಾನು ಮೊಬೈಲಿನಲ್ಲಿ ಸ್ವರದ ಹೆಸರನ್ನು ಓದುತ್ತಿದ್ದೆ. ಎ ಬಂತು, ಬಿ ಬಂತು, ಸಿ ಬಂತು. ಡಿ ದಾಟಿ ಇ ಮುಟ್ಟುವ ಮೊದಲೇ ತಂತಿ ಟಪ್ಪೆಂದು ಹರಿದು ಮಾವನ ಮೀಸೆಯ ಪಕ್ಕದಲ್ಲಿ ಹಾದುಹೋಯಿತು. ಅವರು ಮೀಸೆಯನ್ನು ಮುಟ್ಟಿ ನೋಡಿಕೊಂಡು, "ತೆಳು ಆಯ್ತು. ಸ್ವಲ್ಪ ದಪ್ಪದ್ದು ಹಾಕಿದರೆ ತಡೀತದೆ" ಎಂದರು. ಜಗಲಿಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ ತಾತ ಅಲ್ಲಿಂದಲೇ ಮಾತನಾಡಿದರು.

"ದಪ್ಪ ಹಾಕಿದರೆ ತಡೀತದೆ ಅಂತ ಯಾರು ಹೇಳಿದ್ದು? ಕೇಜಿನ ಹಗ್ಗ ದಪ್ಪ ಮಾಡಿದರೆ ಅದರ ತೂಕಾನೂ ದಪ್ಪ ಆಗ್ತದೆ. ಹಗ್ಗ ಹೊರೋದು ಮೊದಲು ತನ್ನನ್ನೇ. ಆಮೇಲೆ ಕೇಜು, ಆಮೇಲೆ ನಮ್ಮನ್ನ. ಬರೀ ದಪ್ಪ ಮಾಡಿ ಎಷ್ಟು ಆಳಕ್ಕೆ ಬೇಕಾದರೂ ಬಿಡೋ ಹಾಗಿದ್ದರೆ ಒಂದೇ ಕೇಜಲ್ಲಿ ತಳಕ್ಕೆ ಹೋಗ್ತಿದ್ದೆವು. ಯಾಕೆ ಒಂದು ಶಾಫ್ಟು ಇಳಿದು, ಒಳಗೆ ನಡೆದು, ಇನ್ನೊಂದು ಶಾಫ್ಟು ಇಳೀತಿದ್ದೆವು?"

ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟನ್ನೂ ಒಂದೇ ಹಗ್ಗದಲ್ಲಿ ಇಳಿಯುತ್ತಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ಅದಕ್ಕೂ ನನ್ನ ತಂತಿಗೂ ಸಂಬಂಧ ಕಾಣಿಸಿರಲಿಲ್ಲ. ಮರುದಿನ ನಮ್ಮ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರೊಬ್ಬರನ್ನು ಕಂಡೆ. ಕಲಾ ವಿಭಾಗದವನು ತಂತಿಯ ಲೆಕ್ಕ ಕೇಳಲು ಬಂದನೆಂದು ಅವರಿಗೆ ಸಂತೋಷವೋ ಆಶ್ಚರ್ಯವೋ, ಚಹಾ ತರಿಸಿದರು. ತಂತಿಯ ಉದ್ದ, ಬಿಗುವು, ಭಾರ ಈ ಮೂರಕ್ಕೂ ಸ್ವರಕ್ಕೂ ಇರುವ ಸಂಬಂಧವನ್ನು ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ ೧೬೩೬ರಲ್ಲಿಯೇ ಬರೆದಿಟ್ಟಿದ್ದಾನಂತೆ. ಉಪನ್ಯಾಸಕರು ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದರು. ತಂತಿ ದಪ್ಪವಾದಂತೆ ಅದರ ಬಲ ಎಷ್ಟು ಹೆಚ್ಚುತ್ತದೆಯೋ, ಅದೇ ಸ್ವರಕ್ಕೆ ಏರಿಸಲು ಬೇಕಾದ ಬಿಗುವೂ ಅಷ್ಟೇ ಹೆಚ್ಚುತ್ತದೆ. ದಪ್ಪ ಎರಡು ಕಡೆಯೂ ಹೊಡೆದುಹೋಗುತ್ತದೆ. ಉಳಿಯುವುದು ಉದ್ದ ಮತ್ತು ಉಕ್ಕಿನ ಗುಣ. ೩೪ ಅಂಗುಲದ ಉಕ್ಕಿನ ತಂತಿ, ತೆಳುವಾಗಲಿ ದಪ್ಪವಾಗಲಿ, ಸೆಕೆಂಡಿಗೆ ೩೦೦ ಕಂಪನಗಳ ಆಸುಪಾಸಿನಲ್ಲಿ ಹರಿಯಲೇಬೇಕು. ಗಿಟಾರಿನ ಮೇಲಿನ ಇ ತಂತಿ ೩೩೦ಕ್ಕೆ ಏರಿಯೂ ಉಳಿದಿರುವುದು ಅದರ ಉದ್ದ ಇಪ್ಪತ್ತೈದೂವರೆ ಅಂಗುಲವಾದುದರಿಂದ. ನಾನು ಕುಳಿತಲ್ಲಿಯೇ ಪಂಚಮದ ಏಣಿಯನ್ನು ಹತ್ತಿ ನೋಡಿದೆ. ಕೆಳಗಿನ ಬಿ ೩೧. ಒಂದೂವರೆ ಪಟ್ಟಿನಂತೆ ಮೇಲೇರಿದರೆ ೪೬, ೬೯, ೧೦೪, ೧೫೬, ೨೩೪. ಏಳನೆಯದು ೩೫೦, ಎಂಟನೆಯದು ೫೨೫. ಆರನೆಯ ತಂತಿಗೆ ಏಣಿ ಮುಗಿಯುತ್ತದೆ. ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದ ತಾತನು ಕಣ್ಣು ಮುಚ್ಚಿಕೊಂಡು ಹೇಳಿದ್ದನ್ನು ನಾನು ಎರಡು ಲೋಟ ಚಹಾ ಕುಡಿದು, ಒಂದು ಕಾಗದ ತುಂಬ ಬರೆದು ತಿಳಿದುಕೊಂಡೆ.

ಮೂರನೆಯದು ಚಾಪ್‌ಮನ್ನರ ದಾರಿಯನ್ನೇ ಹಿಡಿಯುವುದು. ಅವರ ವಾದ್ಯದಲ್ಲಿ ಐದು ತಂತಿ ಎಡಗೈಗೆ, ಪಂಚಮದಲ್ಲಿ. ಐದು ಬಲಗೈಗೆ, ಚತುರ್ಥದಲ್ಲಿ. ಎಲ್ಲಕ್ಕಿಂತ ದಪ್ಪನಾದ ತಂತಿ ಹಲಗೆಯ ನಡುವೆ. ಟೋನಿ ಲೆವಿನ್ ಎಂಬವರು ಕಿಂಗ್ ಕ್ರಿಮ್ಸನ್ ಮೇಳದಲ್ಲಿ ೧೯೮೧ರಿಂದ ಇದನ್ನು ನುಡಿಸಿ ಹೆಸರಾಗಿದ್ದಾರೆ. ಕೇಳಿದರೆ ಬೆರಗಾಗುತ್ತದೆ. ನನ್ನ ಎಂಟನ್ನು ನಾಲ್ಕು-ನಾಲ್ಕಾಗಿ ಒಡೆಯಬಹುದಿತ್ತು. ಬೆಂಗಳೂರಿನ ಅಂಗಡಿಯವರೂ ಅದನ್ನೇ ಹೇಳಿದರು. ಆದರೆ ಎಡಗೈಗೆ ಒಂದು ಗಣಿತ, ಬಲಗೈಗೆ ಒಂದು ಗಣಿತ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದಂತೆ. ಹಗಲೆಲ್ಲ ಅಭ್ಯಾಸ ಮಾಡಲು ಬಿಡುವಿರುವವರಿಗೆ ಅದು ಸರಿಯೇ. ಇತಿಹಾಸದ ಪತ್ರಿಕೆಯೂ ಅರ್ಥಶಾಸ್ತ್ರದ ಪತ್ರಿಕೆಯೂ ಎದುರಿಗಿರುವವನಿಗೆ ಅಲ್ಲ. ಅಲ್ಲದೆ ಮೇರುವಿನ ಮೇಲೆ ಮಾವ ಆಗಲೇ ದಪ್ಪದಿಂದ ತೆಳುವಿಗೆ ಸಾಲಾಗಿ ಗೀರು ಕೊಯ್ದಿದ್ದರು.

ಹೀಗೆ ಒಂದೊಂದನ್ನೇ ಕಳೆದು ಉಳಿದದ್ದು ಚತುರ್ಥ: ಬಿ, ಇ, ಎ, ಡಿ, ಜಿ, ಸಿ, ಎಫ್, ಬಿ ಫ್ಲಾಟ್. ಕಂಪನದ ಲೆಕ್ಕದಲ್ಲಿ ೩೧ರಿಂದ ೨೩೩ರವರೆಗೆ, ಹರಿಯುವ ಭಯವಿಲ್ಲ. ನಡುವಿನ ನಾಲ್ಕು, ಎಂದರೆ ಇ, ಎ, ಡಿ, ಜಿ, ಸಾಮಾನ್ಯ ಬೇಸ್ ಗಿಟಾರಿನವೇ ಆದುದರಿಂದ ಆರ್ಕೆಸ್ಟ್ರಾದ ಹಳೆಯ ಪಾಠವೆಲ್ಲ ಹಾಗೆಯೇ ನಡೆಯುತ್ತದೆ. ಗೆಳೆಯನಿಗೆ ಸಂತೋಷವಾಯಿತು. ನನಗೆ ಮಾತ್ರ ಮನಸ್ಸು ಕುಗ್ಗಿತು. ಇದು ಪೂರ್ತಿ ಗಿಟಾರಿನವರ ಶ್ರುತಿ. ಇದರಲ್ಲಿ ತಾತನ ಪಾಲು ಎಲ್ಲಿ? ಮದುವೆಯ ಎಂಟುನೂರು ರೂಪಾಯಿ ಎಂಟು ತಂತಿಗಳನ್ನೂ ತಾನೇ ನುಂಗಿಬಿಟ್ಟಿತಲ್ಲ ಎಂದು ಎರಡು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಮೂರನೆಯ ದಿನ ಅಟ್ಟದಿಂದ ತಾತನ ತಂಬೂರಿಯನ್ನು ಇಳಿಸಿ ಧೂಳು ಒರೆಸುತ್ತಿದ್ದೆ. ಬುರುಡೆ ಒಡೆದಿದ್ದರೂ ತಂತಿಗಳು ಇನ್ನೂ ಇದ್ದುವು. ತಂಬೂರಿಯನ್ನು ಮೀಟುವ ಕ್ರಮ ಎಲ್ಲರೂ ಬಲ್ಲದ್ದೆ: ಪ, ಸ, ಸ, ಸ. ಮೊದಲನೆಯ ಪ ಷಡ್ಜದ ಮೇಲಿನ ಪಂಚಮವಲ್ಲ, ಅದರ ಕೆಳಗಿನದು. ಷಡ್ಜದಿಂದ ಮೇಲಿನ ಪಂಚಮಕ್ಕೆ ಹೋದರೆ ಏಳು ಮೆಟ್ಟಿಲು. ಕೆಳಗಿನ ಪಂಚಮದಿಂದ ಷಡ್ಜಕ್ಕೆ ಹತ್ತಿದರೆ ಐದೇ ಮೆಟ್ಟಿಲು. ಐದು ಮೆಟ್ಟಿಲೆಂದರೆ ಚತುರ್ಥ. ಗಿಟಾರಿನವರು ಯಾವುದನ್ನು ಚತುರ್ಥವೆನ್ನುವರೋ ಅದನ್ನೇ ತಾತ ಜೀವಮಾನವೆಲ್ಲ 'ಪ-ಸ' ಎಂದು ಮೀಟುತ್ತ ಬಂದಿದ್ದಾರೆ! ವೀಣೆಯಲ್ಲಿಯೂ ಕೆಳಗಿನ ಪ ಮತ್ತು ಅದರ ಮೇಲಿನ ಸ ಇವುಗಳ ನಡುವೆ ಇರುವುದು ಇದೇ ಅಂತರ. ನನ್ನ ವಾದ್ಯದಲ್ಲಿ ಯಾವ ಎರಡು ಪಕ್ಕದ ತಂತಿಗಳನ್ನಾದರೂ ಒಂದೇ ಮೆಟ್ಟಿಲಿನಲ್ಲಿ ಅಡ್ಡಲಾಗಿ ತಟ್ಟಿದರೆ ಪ-ಸ ಹುಟ್ಟುತ್ತದೆ. ತಾತನ ಷಡ್ಜ ಬಿಳಿ ಆರಾದರೆ ಡಿ ಮತ್ತು ಜಿ ತಂತಿಗಳ ಎರಡನೆಯ ಮೆಟ್ಟಿಲು. ಮಳೆಗಾಲದಲ್ಲಿ ಬಿಳಿ ಐದಕ್ಕೆ ಇಳಿದರೆ ಅದೇ ತಂತಿಗಳನ್ನು ಬಿಟ್ಟ ತಂತಿಯಾಗಿಯೇ ನುಡಿಸಬಹುದು. ನಡುವೆ ನಿಂತರೆ ಒಂದನೆಯ ಮೆಟ್ಟಿಲು. ಬಿರಡೆಯನ್ನು ಮುಟ್ಟಬೇಕಾಗಿಲ್ಲ, ಬೆರಳನ್ನು ಜರುಗಿಸಿದರೆ ಸಾಕು. ಮೂರನೆಯ ತಂತಿಯನ್ನೂ ಅದೇ ಮೆಟ್ಟಿಲಿನಲ್ಲಿ ತಟ್ಟಿದರೆ ಮಧ್ಯಮ. ಪಂಚಮವಿಲ್ಲದ ರಾಗಕ್ಕೆ ಅದೂ ಬೇಕಾದುದೇ. ಸ-ಪ ಎಂದು ಕೂಡಿಸಿದ್ದರೆ ಒಂದು ಶ್ರುತಿಗೆ ಬಂದಿಯಾಗುತ್ತಿದ್ದೆ. ಇಲ್ಲಿ ಹನ್ನೆರಡು ಶ್ರುತಿಗೂ ಒಂದೇ ಹಿಡಿತ. ಆ ಮಧ್ಯಾಹ್ನವೇ ರೈಲು ಹತ್ತಿ ತಂತಿ ತಂದೆ.

ತಂತಿ ಏರಿಸಿ, ಕುದುರೆಯನ್ನು ತಗ್ಗಿಸಿ, ತಟ್ಟಿದರೆ ಸಾಕು ಸ್ವರ ಬರುವಷ್ಟು ತಂತಿಗಳನ್ನು ಮೆಟ್ಟಿಲಿಗೆ ಹತ್ತಿರ ತರಲು ಮಾವನಿಗೆ ಒಂದು ದಿನ ಹಿಡಿಯಿತು. ತಟ್ಟುವ ವಾದ್ಯದಲ್ಲಿ ಬೆರಳು ಎತ್ತಿದಾಗ ಬಿಟ್ಟ ತಂತಿ ಸುಮ್ಮನಿರಬೇಕು; ಅದಕ್ಕಾಗಿ ಮೇರುವಿನ ಬಳಿ ಮೆತ್ತನೆಯದೇನಾದರೂ ಸುತ್ತಬೇಕು. ಅಕ್ಕನ ಜಡೆಗೆ ಹಾಕುವ ಬಟ್ಟೆಯ ಬ್ಯಾಂಡು ಅದಕ್ಕೆ ಹೇಳಿಮಾಡಿಸಿದಂತಿತ್ತು. ಬಿಟ್ಟ ತಂತಿ ಬೇಕಾದ ದಿನ ಅದನ್ನು ಬಿರಡೆಯ ಕಡೆಗೆ ಸರಿಸಿದರಾಯಿತು.

ತಾತನ ಮುಂದೆ ಇಟ್ಟು ತಟ್ಟಿದೆ. ಅವರು ಒಂದು ಸಾಲು ಎತ್ತಿದರು, ನಿಲ್ಲಿಸಿದರು. "ಮೇಲಿದೆ" ಎಂದರು. ಒಂದು ಮೆಟ್ಟಿಲು ಕೆಳಗೆ ಸರಿದೆ. "ಈಗ ಕೆಳಗಾಯ್ತು." ಮೊಬೈಲಿನಲ್ಲಿ ನೋಡಿದರೆ ಅವರ ಷಡ್ಜ ಎ ಸ್ವರಕ್ಕಿಂತ ಅರೆಸ್ವರದ ಮೂರನೆಯ ಒಂದು ಪಾಲು ತಗ್ಗು, ಎರಡು ಮೆಟ್ಟಿಲುಗಳ ನಡುವೆ, ಮಾವ ಸರಳು ಹೊಡೆಯದ ಕಡೆ ನಿಂತಿದೆ. ಹಾರ್ಮೋನಿಯಂ ಜೊತೆಗಿಲ್ಲದೆ ಹಾಡುವ ಕೊರಳು ಯಾವ ಬಿಳಿಗೂ ಕಪ್ಪಿಗೂ ಲೆಕ್ಕ ಕೊಡುವುದಿಲ್ಲ. "ಸ್ವಲ್ಪ ಏರಿಸಿಕೊಳ್ಳಿ ತಾತ" ಎಂದು ಕೇಳಬಹುದಿತ್ತು. ಆ ಸ್ವಲ್ಪವೇ ಅವರಲ್ಲಿ ಇಲ್ಲ. ಎಂಟು ತಂತಿಗಳನ್ನೂ ಅಷ್ಟಷ್ಟೇ ತಗ್ಗಿಸುವುದು ಕಷ್ಟವಲ್ಲ; ಬಿಗುವು ನೂರಕ್ಕೆ ಮೂರು ನಾಲ್ಕು ಪಾಲು ಇಳಿಯುತ್ತದೆ, ದಂಡಿಗೆ ಗೊತ್ತೇ ಆಗುವುದಿಲ್ಲ. ಆದರೆ ಆರ್ಕೆಸ್ಟ್ರಾದಲ್ಲಿ ಎಲ್ಲರ ಎ ೪೪೦. ಅಲ್ಲಿ ನಾನೊಬ್ಬ ೪೩೨ ಎಂದು ಕುಳಿತರೆ ಮದುಮಕ್ಕಳೇ ಎದ್ದು ಓಡಿಯಾರು. ಶನಿವಾರ ಏರಿಸಿ ಸೋಮವಾರ ಇಳಿಸುವುದೆಂದರೆ ಹೊಸ ದಂಡಿ ಇನ್ನೂ ನೆಲೆ ನಿಂತಿರಲಿಲ್ಲ. ಮಾವ ಕೈಮುಗಿದು ಬೇಡವೆಂದಿದ್ದರು.

ಇದನ್ನು ಗೆಳೆಯನಲ್ಲಿ ಹೇಳಿಕೊಂಡೆ. ಅವನು ನನ್ನೊಡನೆ ಮಾತನಾಡುವುದು ತಮಿಳಿನಲ್ಲಿ, ನಾನು ಉತ್ತರ ಕೊಡುವುದು ಕನ್ನಡದಲ್ಲಿ. ಜಗಳ ಬಂದರೆ ಇಬ್ಬರೂ ತೆಲುಗಿಗೆ ಹೋಗುತ್ತೇವೆ. ಅವನು ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ ಕೀಬೋರ್ಡನ್ನು ಎಳೆದುಕೊಂಡು ಯಾವುದೋ ಗುಂಡಿ ಒತ್ತಿದ. ಗಾಜಿನ ಕಿಂಡಿಯಲ್ಲಿ ೪೪೦ ಎಂದು ಬಂತು. ಮತ್ತೆ ಮತ್ತೆ ಒತ್ತಿದ: ೪೩೮, ೪೩೫, ೪೩೨. "ತಾತ ಇರೋವರೆಗೂ ಇದು ಇಲ್ಲೇ ಇರಲಿ. ಗಿಟಾರಿನವನಿಗೆ ನಾನು ಹೇಳ್ತೀನಿ" ಎಂದ. ಗಿಟಾರಿನವನು ಗೊಣಗಿದನಂತೆ. ಗಾಯಕಿಯರು ಮೇಲಿನ ಸ್ವರ ಸುಲಭವಾಯಿತೆಂದು ಸಂತೋಷಪಟ್ಟರಂತೆ. ಕಳೆದ ಆರು ಮದುವೆಗಳಲ್ಲಿ ನಮ್ಮ ಆರ್ಕೆಸ್ಟ್ರಾ ತಾತನ ಶ್ರುತಿಯಲ್ಲಿ ನುಡಿಸಿದೆ. ಊಟಕ್ಕೆ ಕುಳಿತವರು ಯಾರೂ ಎಲೆಯಿಂದ ತಲೆಯೆತ್ತಿ ನೋಡಲಿಲ್ಲ.

ತಾತ ಈಗ ವಾರಕ್ಕೆ ಎರಡು ಮೂರು ಸಂಜೆ ಹಾಡುತ್ತಾರೆ. ನನ್ನ ವಾದ್ಯದ ಬಗ್ಗೆ ಅವರ ದೂರುಗಳು ಮುಗಿದಿಲ್ಲ. ಗಾಂಧಾರವನ್ನು ಮೆಟ್ಟಿಲಿನಲ್ಲಿ ನುಡಿಸಿದರೆ ಮೇಲಿದೆಯೆನ್ನುತ್ತಾರೆ. ಅದು ನಿಜವೇ, ಅರೆಸ್ವರವನ್ನು ನೂರು ಪಾಲು ಮಾಡಿದರೆ ಹದಿನಾಲ್ಕು ಪಾಲಿನಷ್ಟು ಮೇಲಿರುತ್ತದೆ. ಹನ್ನೆರಡು ಮೆಟ್ಟಿಲುಗಳನ್ನು ಸಮನಾಗಿ ಹಂಚಿದ ವಾದ್ಯಗಳೆಲ್ಲದರ ಜಾತಕವೇ ಅದು. ಅದಕ್ಕಾಗಿ ಅವರು ಹಾಡುವಾಗ ನಾನು ಗಾಂಧಾರವನ್ನು ಮುಟ್ಟುವುದಿಲ್ಲ. ತಟ್ಟಿದ ಸ್ವರ ತಂಬೂರಿಯ ಹಾಗೆ ಝೇಂಕರಿಸುವುದಿಲ್ಲ, ಬೇಗ ಆರಿಹೋಗುತ್ತದೆ ಎಂಬುದು ಇನ್ನೊಂದು ದೂರು. ಹಳೆಯ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಇಟ್ಟಿದ್ದ ನೂಲಿನೆಳೆಯನ್ನು ಬಿಚ್ಚಿ ಮಾವನಿಗೆ ಕೊಟ್ಟಿದ್ದಾರೆ, ಇದಕ್ಕೂ ಇಟ್ಟು ನೋಡು ಎಂದು. ಎಲ್ಲಕ್ಕಿಂತ ಕೆಳಗಿನ ಬಿ ತಂತಿಯ ವಿಷಯದಲ್ಲಿ ಮಾತ್ರ ಅವರು ಏನೂ ಹೇಳುವುದಿಲ್ಲ. ಅದನ್ನು ತಟ್ಟಿದಾಗ ಜಗಲಿಯ ಕಲ್ಲು ಸಣ್ಣಗೆ ನಡುಗುತ್ತದೆ. ಅವರು ಅಂಗೈಯನ್ನು ಕಲ್ಲಿನ ಮೇಲೆ ಚಾಚಿ ಇಟ್ಟುಕೊಳ್ಳುತ್ತಾರೆ.

ಮಾರ್ಗಶಿರದ ಚಳಿಗೆ ಅವರ ಷಡ್ಜ ಮತ್ತೆ ಸ್ವಲ್ಪ ಜಗ್ಗಿದೆ. ಇನ್ನೂ ಮೆಟ್ಟಿಲಿಗೆ ಸಿಗುವಷ್ಟು ಇಳಿದಿಲ್ಲ. ಗೆಳೆಯನ ಕೀಬೋರ್ಡಿನಲ್ಲಿ ಇನ್ನೂ ಕೆಳಗೆ ಎಷ್ಟು ಅಂಕಿಗಳಿವೆಯೆಂದು ಮೊನ್ನೆ ಇಬ್ಬರೂ ಕುಳಿತು ನೋಡಿದೆವು, ೪೧೫ರವರೆಗೆ ಇವೆ. ಹೊಸ ತಂತಿಗಳನ್ನು ಪರೀಕ್ಷೆ ಮುಗಿಯುವವರೆಗೆ ಕೊಳ್ಳುವಂತಿಲ್ಲ. ಎಂ.ಎ. ಅರ್ಜಿಯ ಹಣವನ್ನು ಹೋದ ವಾರ ಕಟ್ಟಿದೆ.